ಬೂತಾಯಿಯ ಬೆಲೆಯೂ ಮೊಬೈಲ್ ಫೋನೂ: ಅಂಕಿಅಂಶಗಳಿಂದ ಕಾರಣವನ್ನು ಅರಿಯುವ ಬಗೆ

ಹೈಯರ್ ಸೆಕೆಂಡರಿ ಅರ್ಥಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರದ ಭಾಗವನ್ನು ಬೋಧಿಸುವ ಶಿಕ್ಷಕರಿಗೆ ಒಂದು ಅನುಭವ ಸಾಮಾನ್ಯವಾದುದು. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ ಗುಣಾಂಕ ಇವುಗಳ ಲೆಕ್ಕವನ್ನು ವಿದ್ಯಾರ್ಥಿಗಳು ಬೇಗನೆ ಕಲಿಯುತ್ತಾರೆ. ಸೂತ್ರ ಕೈಯಲ್ಲಿದ್ದರೆ ಅಂಕಿಗಳನ್ನು ಅದರೊಳಗೆ ಹಾಕಿ ಉತ್ತರ ತೆಗೆಯುವುದು ಅವರಿಗೆ ಕಷ್ಟವಲ್ಲ. ಆದರೆ ಬಂದ ಉತ್ತರದಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂದು ಕೇಳಿದೊಡನೆ ತರಗತಿ ಮೌನವಾಗುತ್ತದೆ. ಎರಡು ಸಂಗತಿಗಳು ಒಂದರ ಹಿಂದೆ ಒಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಹೇಳುವ ಅಭ್ಯಾಸ ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಇದೆ. ಕಾಗೆ ಕುಳಿತ ಗಳಿಗೆಗೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಅದನ್ನು ಬೀಳಿಸಿತೆನ್ನುವ ಈ ತಪ್ಪಿಗೆ ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದು ಹೆಸರಿಟ್ಟು ಎಚ್ಚರಿಸಿದ್ದರು.

ಅರ್ಥಶಾಸ್ತ್ರದಲ್ಲಿ ಈ ಎಚ್ಚರಿಕೆಯನ್ನು ಪಾಲಿಸುವುದು ಸುಲಭವಲ್ಲ. ರಸಾಯನಶಾಸ್ತ್ರದ ಅಧ್ಯಾಪಕರು ಎರಡು ಪ್ರನಾಳಗಳಲ್ಲಿ ಒಂದೇ ದ್ರಾವಣವನ್ನು ತೆಗೆದುಕೊಂಡು ಒಂದಕ್ಕೆ ಮಾತ್ರ ಆಮ್ಲವನ್ನು ಸೇರಿಸಿ ತೋರಿಸಬಲ್ಲರು. ಒಂದು ಜಿಲ್ಲೆಯ ಮಾರುಕಟ್ಟೆಯನ್ನು ಪ್ರನಾಳದಲ್ಲಿಟ್ಟು ನೋಡುವುದು ಸಾಧ್ಯವಿಲ್ಲ. ಹಾಗಿದ್ದರೂ ಮಾರುಕಟ್ಟೆಯಲ್ಲಿ ಯಾವುದು ಯಾವುದಕ್ಕೆ ಕಾರಣವೆಂದು ತಕ್ಕಮಟ್ಟಿಗೆ ಖಚಿತವಾಗಿ ಹೇಳಿದ ಸಂಶೋಧನೆಗಳು ಇವೆ. ಅವುಗಳಲ್ಲಿ ಬಹುಪ್ರಸಿದ್ಧವಾದ ಒಂದು ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ಜಿಲ್ಲೆಗಳ ಕಡಲಕರೆಯಲ್ಲಿಯೇ ನಡೆಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ ಅವರು ನಡೆಸಿದ ಈ ಅಧ್ಯಯನವು 2007ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಪಾಠವಾಗಿ ಓದುತ್ತಾರೆ. ಅದು ಹೇಳುವುದು ಬೂತಾಯಿ ಮೀನಿನ ಕತೆಯನ್ನು. ಮಲಯಾಳದಲ್ಲಿ ಅದೇ ಮತ್ತಿ. ಮಂಜೇಶ್ವರದಿಂದ ಚೆರುವತ್ತೂರಿನವರೆಗಿನ ಯಾವ ಮಗುವಿಗೂ ಈ ಮೀನನ್ನು ಪರಿಚಯಿಸಬೇಕಾಗಿಲ್ಲ. ಒಳನಾಡಿನ ಶಾಲೆಗಳ ಶಿಕ್ಷಕರು ಬೂತಾಯಿಯ ಸ್ಥಾನದಲ್ಲಿ ಟೊಮೆಟೊ ಅಥವಾ ಹೂವನ್ನು ಇಟ್ಟುಕೊಂಡರೂ ವಾದವು ಬಹುಮಟ್ಟಿಗೆ ನಿಲ್ಲುತ್ತದೆ.

ಕಡಲಕರೆಯ ಸಂತೆ

ಪಾಠವನ್ನು ಆರಂಭಿಸುವ ಮುನ್ನ ಈ ಮಾರುಕಟ್ಟೆಯ ಸ್ವರೂಪವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಒಳ್ಳೆಯದು. ದೋಣಿಗಳು ರಾತ್ರಿಯ ಹೊತ್ತಿಗೆ ಕಡಲಿಗಿಳಿದು ನಸುಕಿನಲ್ಲಿ ದಡಕ್ಕೆ ಮರಳುತ್ತವೆ. ದಡದಲ್ಲಿ ಏಲಂ ನಡೆಯುತ್ತದೆ. ಮಲಯಾಳದಲ್ಲಿ ಇದು ಲೇಲಂ, ಪಠ್ಯಪುಸ್ತಕದ ಕನ್ನಡದಲ್ಲಿ ಹರಾಜು. ಸೈಕಲ್ಲಿನಲ್ಲಿ, ವ್ಯಾನುಗಳಲ್ಲಿ ಬಂದ ಚಿಲ್ಲರೆ ಹಾಗೂ ಸಗಟು ವ್ಯಾಪಾರಿಗಳು ಮೀನನ್ನು ಕೊಂಡು ಊರೊಳಗೆ ಒಯ್ಯುತ್ತಾರೆ. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಬೂತಾಯಿ ಬಹುಬೇಗ ಕೆಡುವ ಮೀನು. ಅಂದು ಕೂಡಿಡುವ ಶೈತ್ಯಾಗಾರದ ಅನುಕೂಲವಿರಲಿಲ್ಲ. ಹೀಗಾಗಿ ಇಂದು ಮಾರದ ಮೀನನ್ನು ನಾಳೆಗೆ ಉಳಿಸಿಕೊಳ್ಳುವಂತಿರಲಿಲ್ಲ.

ಕಡಲಿನ ಮೇಲಿರುವ ದೋಣಿಯವನಿಗೆ ಯಾವ ದಡದಲ್ಲಿ ಇಂದು ಎಷ್ಟು ದೋಣಿ ಬಂದಿವೆ, ಎಷ್ಟು ಮಂದಿ ಕೊಳ್ಳುವವರು ಕಾಯುತ್ತಿದ್ದಾರೆ ಎಂಬುದು ತಿಳಿಯುವ ದಾರಿಯಿರಲಿಲ್ಲ. ಒಂದು ದಡಕ್ಕೆ ಹೋಗಿ, ಬೆಲೆ ಕುಸಿದಿರುವುದನ್ನು ಕಂಡು, ಮತ್ತೊಂದು ದಡಕ್ಕೆ ಹೋಗೋಣವೆಂದರೆ ಇಂಧನದ ಖರ್ಚು ಒಂದೆಡೆ, ಅಲ್ಲಿಗೆ ತಲುಪುವಷ್ಟರಲ್ಲಿ ಏಲಂ ಮುಗಿದಿರುತ್ತದೆಯೆಂಬ ಭಯ ಮತ್ತೊಂದೆಡೆ. ಆದ್ದರಿಂದ ದಿನಕ್ಕೆ ಒಂದೇ ದಡ, ಅದೂ ಸಾಮಾನ್ಯವಾಗಿ ತಮ್ಮೂರಿನ ದಡವೇ.

ಇದರ ಪರಿಣಾಮವೇನೆಂಬುದನ್ನು ಜೆನ್ಸೆನ್ ಅವರು ದಾಖಲಿಸಿದ ಒಂದು ದಿನದ ಚಿತ್ರ ತೋರಿಸುತ್ತದೆ. 1997ರ ಜನವರಿ 14, ಮಂಗಳವಾರ, ಬೆಳಗಿನ ಸುಮಾರು ಎಂಟು ಗಂಟೆ. ವಡಗರದ ದಡದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ತಮ್ಮ ಮೀನನ್ನು ಚೆಲ್ಲುತ್ತಿದ್ದರು. ಅದೇ ಹೊತ್ತಿಗೆ ಅಲ್ಲಿಂದ 15 ಕಿಲೋಮೀಟರಿನೊಳಗಿನ ಚೊಂಬಾಲ ಮತ್ತು ಕೊಯಿಲಾಂಡಿಗಳಲ್ಲಿ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಹಿಂದಿರುಗುವುದರಲ್ಲಿದ್ದರು. ಮೀನು ಇತ್ತು, ಹಣವೂ ಇತ್ತು, ಇವೆರಡರ ನಡುವೆ ಸುದ್ದಿಯೊಂದು ಇರಲಿಲ್ಲ. ರಾತ್ರಿಯಿಡೀ ದುಡಿದವರ ಕೂಲಿ ಹಾಗೆ ನೀರುಪಾಲಾಯಿತು.

ಈ ಚಿತ್ರವನ್ನು ತರಗತಿಯಲ್ಲಿ ಹೇಳಿದ ಕೂಡಲೇ ಒಂದು ಪ್ರಶ್ನೆಯನ್ನು ಕೇಳಬೇಕು: ಇದು ಪುರಾವೆಯೇ? ಅಂದು ಮಕರ ಸಂಕ್ರಾಂತಿ. ಹಬ್ಬದ ದಿನದ ಸಂತೆಯನ್ನು ಉಳಿದ ದಿನಗಳ ಸಂತೆಯಂತೆಯೇ ಎಣಿಸಬಹುದೇ? ಒಂದು ದಿನದ ಸಂಗತಿ ಎಷ್ಟೇ ಮನಮುಟ್ಟುವಂತಿದ್ದರೂ ಅದು ಉದಾಹರಣೆಯೇ ಹೊರತು ಸಾಕ್ಷ್ಯವಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿಯೇ ಕಂಡುಕೊಂಡರೆ ಮುಂದಿನ ಪಾಠ ಹಗುರವಾಗುತ್ತದೆ. ಜೆನ್ಸೆನ್ ಅವರ ಸಮೀಕ್ಷೆಯು 1996ರ ಸೆಪ್ಟೆಂಬರ್ 3ರಿಂದ 2001ರ ಮೇ 29ರವರೆಗೆ ವಾರಕ್ಕೊಮ್ಮೆ, ಮಂಗಳವಾರಗಳಂದು ನಡೆಯಿತು. ಜಿಲ್ಲೆಗೆ ಐದರಂತೆ 15 ದಡಗಳು, ದಡಕ್ಕೆ 20ರಂತೆ 300 ಮೀನುಗಾರಿಕಾ ತಂಡಗಳು. ಎಷ್ಟು ಹಿಡಿದರು, ಎಲ್ಲಿ ಮಾರಿದರು, ಯಾವ ಬೆಲೆಗೆ ಮಾರಿದರು, ಎಷ್ಟನ್ನು ಚೆಲ್ಲಿದರು ಎಂಬುದನ್ನು ಸುಮಾರು 250 ವಾರಗಳ ಕಾಲ ಬಿಡದೆ ಕೇಳಿ ಬರೆದುಕೊಂಡರು. ಇಂತಹ ಸಂಶೋಧನೆಯಲ್ಲಿ ಬಹುಪಾಲು ದುಡಿಮೆ ಇದೇ. ಸೂತ್ರ ಬಳಸುವ ಭಾಗ ಅದರ ಮುಂದೆ ಚಿಕ್ಕದು.

ಬೆಲೆಯ ಚದುರಿಕೆಯನ್ನು ಅಳೆಯುವುದು

ಒಂದೇ ಸರಕು, ಒಂದೇ ಹೊತ್ತು, ಹತ್ತಿರದ ಎರಡು ಮಾರುಕಟ್ಟೆಗಳು: ಸಾಗಣೆಯ ಖರ್ಚನ್ನು ಕಳೆದರೆ ಬೆಲೆ ಒಂದೇ ಆಗಿರಬೇಕೆಂಬುದು ಅರ್ಥಶಾಸ್ತ್ರದ ಹಳೆಯ ನಿರೀಕ್ಷೆ. ಇದನ್ನು ಒಂದೇ ಬೆಲೆಯ ನಿಯಮವೆಂದು ಕರೆಯುವುದುಂಟು. ಹಾಗಿಲ್ಲದಿದ್ದರೆ ಅಗ್ಗವಿದ್ದಲ್ಲಿ ಕೊಂಡು ತುಟ್ಟಿಯಿದ್ದಲ್ಲಿ ಮಾರುವವರು ಹುಟ್ಟಿಕೊಂಡು ಅಂತರವನ್ನು ಅಳಿಸಿಬಿಡುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಆದರೆ ಅಂತರವಿದೆಯೆಂಬುದು ಯಾರಿಗಾದರೂ ತಿಳಿದಿರಬೇಕಲ್ಲವೇ? ಈ ಅಂಶವನ್ನು 1961ರಲ್ಲಿ ಜಾರ್ಜ್ ಸ್ಟಿಗ್ಲರ್ ಅವರು ಮಾಹಿತಿಯ ಅರ್ಥಶಾಸ್ತ್ರವನ್ನು ಕುರಿತ ತಮ್ಮ ಲೇಖನದಲ್ಲಿ ಮುಂದಿಟ್ಟರು: ಬೆಲೆಯನ್ನು ಹುಡುಕುವುದಕ್ಕೂ ಬೆಲೆ ತೆರಬೇಕಾಗುತ್ತದೆ, ಹುಡುಕಾಟ ದುಬಾರಿಯಾದಷ್ಟೂ ಬೆಲೆಗಳು ಚದುರಿರುತ್ತವೆ.

ಹಾಗಾದರೆ ಇಲ್ಲಿ ಅಳೆಯಬೇಕಾದದ್ದು ಬೆಲೆಯ ಸರಾಸರಿಯನ್ನಲ್ಲ, ಚದುರಿಕೆಯನ್ನು. ಇದನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಲು ಚಿಕ್ಕ ಲೆಕ್ಕವೊಂದು ಸಾಕು. ಅಂಕಿಗಳು ಪಾಠಕ್ಕಾಗಿ ಕಲ್ಪಿಸಿಕೊಂಡವು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಐದು ದಡಗಳಲ್ಲಿ ಒಂದು ಬೆಳಗ್ಗೆ ಕಿಲೋವಿನ ಬೆಲೆ ರೂಪಾಯಿಗಳಲ್ಲಿ 4, 10, 6, 0, 10 ಎಂದಿರಲಿ. ಸರಾಸರಿ 6. ಸರಾಸರಿಯಿಂದ ಪ್ರತಿಯೊಂದರ ವಿಚಲನೆಯ ವರ್ಗ ಅನುಕ್ರಮವಾಗಿ 4, 16, 0, 36, 16, ಮೊತ್ತ 72, ಐದರಿಂದ ಭಾಗಿಸಿದರೆ 14.4; ವರ್ಗಮೂಲ ಸುಮಾರು 3.79. ಇದು ಮಾನಕ ವಿಚಲನೆ. ಇದನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದಾಗ ವಿಚಲನ ಗುಣಾಂಕ ಸುಮಾರು 63 ಪ್ರತಿಶತ. ಇನ್ನೊಂದು ಬೆಳಗ್ಗೆ ಅದೇ ದಡಗಳಲ್ಲಿ ಬೆಲೆ 6, 7, 5, 6, 6 ಎಂದಿರಲಿ. ಸರಾಸರಿ ಈಗಲೂ 6. ವಿಚಲನೆಯ ವರ್ಗಗಳ ಮೊತ್ತ 2, ಮಾನಕ ವಿಚಲನೆ ಸುಮಾರು 0.63, ವಿಚಲನ ಗುಣಾಂಕ ಸುಮಾರು 10.5 ಪ್ರತಿಶತ.

ಸರಾಸರಿಯನ್ನು ಮಾತ್ರ ನೋಡುವವನಿಗೆ ಈ ಎರಡು ಬೆಳಗುಗಳ ನಡುವೆ ಏನೂ ವ್ಯತ್ಯಾಸವಿಲ್ಲ. ಆದರೆ ನಾಲ್ಕನೆಯ ದಡದಲ್ಲಿ ದೋಣಿ ಕಟ್ಟಿದವನಿಗೆ ಮೊದಲ ದಿನ ಒಂದು ಕಾಸೂ ಹುಟ್ಟಲಿಲ್ಲ. ಮಾನಕ ವಿಚಲನೆಯನ್ನು ಬಿಟ್ಟು ವಿಚಲನ ಗುಣಾಂಕವನ್ನು ಏಕೆ ಬಳಸಬೇಕೆಂದು ಚುರುಕಾದ ವಿದ್ಯಾರ್ಥಿಯೊಬ್ಬರು ಕೇಳಬಹುದು. ಐದು ವರ್ಷಗಳಲ್ಲಿ ಎಲ್ಲ ಬೆಲೆಗಳೂ ಏರುತ್ತವೆ. ಬೆಲೆಗಳೆಲ್ಲ ಇಮ್ಮಡಿಯಾದರೆ ಮಾನಕ ವಿಚಲನೆಯೂ ಇಮ್ಮಡಿಯಾಗುತ್ತದೆ, ಗುಣಾಂಕ ಮಾತ್ರ ಇದ್ದಲ್ಲೇ ಇರುತ್ತದೆ. ಮೇಲಿನ ಅಂಕಿಗಳನ್ನು ಎರಡರಿಂದ ಗುಣಿಸಿ ಅವರೇ ಪರೀಕ್ಷಿಸಲಿ.

ಹೋಲಿಕೆ ಯಾರೊಡನೆ?

ಕೇರಳದ ಉತ್ತರದ ಜಿಲ್ಲೆಗಳಿಗೆ ಮೊಬೈಲ್ ಸೇವೆ ಒಂದೇ ದಿನ ಬರಲಿಲ್ಲ. ಕೋಯಿಕ್ಕೋಡಿಗೆ 1997ರ ಜನವರಿ ಕೊನೆಯಲ್ಲಿ, ಕಣ್ಣೂರಿಗೆ 1998ರ ಜುಲೈಯಲ್ಲಿ, ಕಾಸರಗೋಡಿಗೆ 2000ದ ಮೇ ತಿಂಗಳಲ್ಲಿ ಬಂತು. ಗೋಪುರಗಳನ್ನು ನಿಲ್ಲಿಸಿದ್ದು ಪಟ್ಟಣಗಳಲ್ಲಿ. ಆದರೆ ಪಟ್ಟಣಗಳು ಕಡಲಕರೆಯಲ್ಲಿಯೇ ಇದ್ದುದರಿಂದ ಸಂಕೇತವು ಕಡಲಿನ ಮೇಲೂ ಸುಮಾರು 20ರಿಂದ 25 ಕಿಲೋಮೀಟರು ಹರಡುತ್ತಿತ್ತು. ಬೂತಾಯಿ ಹಿಡಿಯುವ ದೋಣಿಗಳಲ್ಲಿ ಹೆಚ್ಚಿನವು ಆ ಪರಿಧಿಯೊಳಗೇ ಇರುತ್ತಿದ್ದವು. ಒಳಬರುವ ಕರೆಗೂ ಹಣ ತೆರಬೇಕಾಗಿದ್ದ ಕಾಲ ಅದು. ಆದರೂ ಕೆಲವೇ ತಿಂಗಳುಗಳಲ್ಲಿ ದೋಣಿಯವರು, ಮೊದಲು ದೊಡ್ಡ ದೋಣಿಯವರು, ಫೋನುಗಳನ್ನು ಕೊಂಡರು. ಮೀನು ಹಿಡಿದಾದ ಮೇಲೆ ಕಡಲಿನಿಂದಲೇ ದಡದ ವ್ಯಾಪಾರಿಗಳಿಗೆ ಕರೆಮಾಡಿ, ಎಲ್ಲಿ ಒಳ್ಳೆಯ ಬೆಲೆಯಿದೆಯೆಂದು ಕೇಳಿ, ಅತ್ತ ದೋಣಿಯನ್ನು ತಿರುಗಿಸತೊಡಗಿದರು.

ಈಗ ಪಾಠದ ತಿರುಳಿಗೆ ಬರೋಣ. ಫೋನು ಬಂದುದರಿಂದ ಬೆಲೆಯ ಚದುರಿಕೆ ಇಳಿಯಿತೆಂದು ಹೇಳಲು ಯಾವ ಎರಡನ್ನು ಹೋಲಿಸಬೇಕು? ಈ ಪ್ರಶ್ನೆಯನ್ನು ತರಗತಿಯ ಮುಂದಿಟ್ಟು ಕಾಯಬೇಕು. ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ, ಎರಡೂ ದೋಷವುಳ್ಳವು.

ಫೋನು ಇರುವ ದೋಣಿಯನ್ನು ಇಲ್ಲದ ದೋಣಿಯೊಡನೆ ಹೋಲಿಸೋಣ ಎಂಬುದು ಒಂದು. ಆದರೆ ಫೋನು ಕೊಂಡವರು ಯಾರು? ದೊಡ್ಡ ದೋಣಿ, ಹೆಚ್ಚು ಬಂಡವಾಳ, ಹೆಚ್ಚು ಮೀನು ಇದ್ದವರು. ಅವರ ಲಾಭ ಫೋನಿಗೆ ಮೊದಲೇ ಹೆಚ್ಚಾಗಿತ್ತು. ಟ್ಯೂಷನ್ನಿಗೆ ಹೋಗುವ ಮಕ್ಕಳ ಅಂಕಗಳನ್ನು ಹೋಗದವರ ಅಂಕಗಳೊಡನೆ ಹೋಲಿಸಿ ಟ್ಯೂಷನ್ನಿನ ಮಹಿಮೆಯನ್ನು ಸಾರುವುದು ಇದೇ ಜಾತಿಯ ತಪ್ಪು. ಯಾರು ಹೋಗುತ್ತಾರೆ, ಯಾರ ಮನೆಯಲ್ಲಿ ಅದಕ್ಕೆ ಹಣವಿದೆ ಎಂಬುದೇ ಅಲ್ಲಿ ಅರ್ಧ ಉತ್ತರ.

ಕೋಯಿಕ್ಕೋಡಿನ 1996ನ್ನು ಕೋಯಿಕ್ಕೋಡಿನ 1997ರೊಡನೆ ಹೋಲಿಸೋಣ ಎಂಬುದು ಎರಡನೆಯದು. ಇದು ಮೊದಲನೆಯದಕ್ಕಿಂತ ಮೇಲು, ಆದರೂ ಸಾಲದು. ಆ ನಡುವೆ ಡೀಸೆಲ್ಲಿನ ಬೆಲೆ ಬದಲಾಗಿರಬಹುದು, ರಸ್ತೆ ಸುಧಾರಿಸಿರಬಹುದು. ಮಳೆಗಾಲದ ಟ್ರಾಲಿಂಗ್ ನಿಷೇಧದ ವಾರಗಳು ಒಂದು ಕಡೆ ಸೇರಿ ಇನ್ನೊಂದು ಕಡೆ ಬಿಟ್ಟುಹೋಗಿರಬಹುದು. ಕಡಲು ಎರಡು ವರ್ಷ ಒಂದೇ ರೀತಿ ಕೊಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ನಾವು ನಿಜವಾಗಿ ತಿಳಿಯಬಯಸುವುದು, ಫೋನು ಬಾರದೆ ಇದ್ದಿದ್ದರೆ ಅದೇ ಕೋಯಿಕ್ಕೋಡಿನಲ್ಲಿ ಅದೇ 1997ರಲ್ಲಿ ಏನಾಗುತ್ತಿತ್ತು ಎಂಬುದನ್ನು. ಅದು ನಡೆಯದೆ ಹೋದ ಸಂಗತಿ. ಅದನ್ನು ಯಾರೂ ಅಳೆಯಲಾರರು. ಅದಕ್ಕೆ ಆದಷ್ಟು ಹತ್ತಿರದ ಪ್ರತಿರೂಪವನ್ನು ಹುಡುಕಬೇಕು. ಅದೇ ಕಡಲು, ಅದೇ ಮೀನು, ಅದೇ ರಾಜ್ಯದ ಅದೇ ಕಾನೂನು, ಅದೇ ಮಳೆಗಾಲ, ಆದರೆ ಇನ್ನೂ ಫೋನು ಬಾರದ ನೆರೆಯ ಜಿಲ್ಲೆಗಳು. ಕೋಯಿಕ್ಕೋಡಿನಲ್ಲಿ ಆದ ಬದಲಾವಣೆಯಿಂದ ಅದೇ ಅವಧಿಯಲ್ಲಿ ಕಾಸರಗೋಡಿನಲ್ಲಿ ಆದ ಬದಲಾವಣೆಯನ್ನು ಕಳೆದರೆ, ಎರಡೂ ಕಡೆ ಸಮಾನವಾಗಿ ಬೀಸಿದ ಗಾಳಿಯೆಲ್ಲ ಕಳೆದುಹೋಗುತ್ತದೆ. ಈ ವಿಧಾನವನ್ನು ವ್ಯತ್ಯಾಸಗಳ ವ್ಯತ್ಯಾಸ ಎಂದು ಕರೆಯಬಹುದು. ಹೆಸರು ಸುತ್ತುಬಳಸಾಗಿ ಕಂಡರೂ ಲೆಕ್ಕ ನೇರವಾದುದು. ಕಲ್ಪಿತ ಅಂಕಿಗಳಲ್ಲಿ: ಕೋಯಿಕ್ಕೋಡಿನ ದಡಗಳ ನಡುವೆ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಅಂತರ ಕಿಲೋವಿಗೆ ರೂ. 7.50ರಿಂದ ರೂ. 1.50ಕ್ಕೆ ಇಳಿಯಿತು, ಇಳಿಕೆ 6. ಅದೇ ಅವಧಿಯಲ್ಲಿ ಕಾಸರಗೋಡಿನ ಅಂತರ ರೂ. 7.50ರಿಂದ ರೂ. 7ಕ್ಕೆ ಇಳಿಯಿತು, ಇಳಿಕೆ ಅರ್ಧ ರೂಪಾಯಿ. ಫೋನಿನ ಲೆಕ್ಕಕ್ಕೆ ಹಾಕಬಹುದಾದದ್ದು ಐದೂವರೆ ರೂಪಾಯಿ.

ಇದರ ಹಿಂದೆ ಒಂದು ಊಹೆ ಅಡಗಿದೆ: ಫೋನು ಬಾರದಿದ್ದರೆ ಎರಡು ಜಿಲ್ಲೆಗಳೂ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದವು ಎಂಬುದು. ಇದನ್ನು ಸಂಪೂರ್ಣವಾಗಿ ಸಾಧಿಸಲಾಗದು. ಆದರೆ ಫೋನಿಗೆ ಮುಂಚಿನ ವಾರಗಳಲ್ಲಿ ಅವು ಜೊತೆಯಾಗಿ ಸಾಗುತ್ತಿದ್ದವೇ ಎಂದು ನೋಡಬಹುದು. ಸೇವೆ ಬರುವ ಮುಂಚೆಯೇ, 1996ರ ಸೆಪ್ಟೆಂಬರಿನಲ್ಲಿ, ಸಮೀಕ್ಷೆಯನ್ನು ಆರಂಭಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಯೋಜನೆ ಜಾರಿಯಾದ ಮೇಲೆ ಅಳತೆಗೆ ಹೊರಡುವವರಿಗೆ ಈ ಭಾಗ್ಯವಿಲ್ಲ.

ಈ ಅಧ್ಯಯನದ ಬಲವಿರುವುದು ಮೂರು ಸಲದ ಪುನರಾವರ್ತನೆಯಲ್ಲಿ. ಕೋಯಿಕ್ಕೋಡಿಗೆ ಸೇವೆ ಬಂದಾಗ ಅಲ್ಲಿಯ ಚದುರಿಕೆ ಇಳಿಯಿತು, ಉಳಿದೆರಡು ಜಿಲ್ಲೆಗಳು ಇದ್ದಂತೆಯೇ ಇದ್ದವು. ಕಣ್ಣೂರಿಗೆ ಬಂದಾಗ ಕಣ್ಣೂರು ಇಳಿಯಿತು, ಕಾಸರಗೋಡು ಹಾಗೆಯೇ ಉಳಿಯಿತು. ಕೊನೆಗೆ ಕಾಸರಗೋಡಿನ ಸರದಿ ಬಂತು, ಅಲ್ಲಿಯೂ ಇಳಿಯಿತು. ಬೇರೊಂದು ಕಾರಣ, ರಸ್ತೆಯೋ ಮಂಜುಗಡ್ಡೆಯ ಕಾರ್ಖಾನೆಯೋ, ಇದಕ್ಕೆ ಹೊಣೆಯೆನ್ನುವವರು ಅದು ಮೂರು ಜಿಲ್ಲೆಗಳಿಗೆ ಮೂರು ಬೇರೆ ದಿನಗಳಂದು, ಸರಿಯಾಗಿ ಫೋನಿನ ಜೊತೆಗೇ ಹೇಗೆ ಬಂತೆಂದು ವಿವರಿಸಬೇಕಾಗುತ್ತದೆ. ಕಾಗೆ ಮೂರು ಮರಗಳ ಮೇಲೆ ಮೂರು ಬಾರಿ ಕುಳಿತು ಮೂರು ಬಾರಿಯೂ ಹಣ್ಣು ಬಿದ್ದರೆ ಕಾಗೆಯನ್ನು ಸ್ವಲ್ಪ ಅನುಮಾನಿಸಬೇಕಾದೀತು.

ಗಡಿಯ ಜಿಲ್ಲೆಗೆ ಸೌಲಭ್ಯಗಳು ಕೊನೆಗೆ ತಲುಪುವುದು ಕಾಸರಗೋಡಿನವರಿಗೆ ಹೊಸತಲ್ಲ. ಕೋಯಿಕ್ಕೋಡಿಗೂ ಕಾಸರಗೋಡಿಗೂ ನಡುವಿನ ಮೂರು ವರ್ಷಕ್ಕೂ ಮಿಕ್ಕಿದ ಆ ಅಂತರವು ಸಂಶೋಧಕರಿಗೆ ಹೋಲಿಕೆಯ ಗುಂಪನ್ನು ಒದಗಿಸಿತು. ಆ ಮೂರು ವರ್ಷವೂ ಇಲ್ಲಿನ ದೋಣಿಯವರು ಮೀನು ಚೆಲ್ಲುತ್ತಲೇ ಇದ್ದರು. ಒಂದೇ ಸಂಗತಿಯ ಈ ಎರಡು ಮುಖಗಳನ್ನೂ ಮಕ್ಕಳು ಕಾಣಬೇಕು.

ಕಂಡದ್ದೇನು?

ಫೋನಿಗೆ ಮೊದಲು ದಡಗಳ ನಡುವಿನ ಬೆಲೆಯ ವಿಚಲನ ಗುಣಾಂಕವು ಸರಾಸರಿ 60ರಿಂದ 70 ಪ್ರತಿಶತದಷ್ಟಿತ್ತು. ಅನಂತರ 15 ಪ್ರತಿಶತ ಅಥವಾ ಅದಕ್ಕೂ ಕೆಳಗಿಳಿಯಿತು. ಮೊದಲು ಬಹುತೇಕ ಎಲ್ಲರೂ ತಮ್ಮ ಸಮೀಪದ ದಡದಲ್ಲಿಯೇ ಮಾರುತ್ತಿದ್ದರೆ, ಅನಂತರ ಸುಮಾರು ಮೂರನೆಯ ಒಂದು ಪಾಲು ದೋಣಿಗಳು ಬೇರೆ ದಡಗಳಿಗೆ ಹೋಗತೊಡಗಿದವು. ಹಿಡಿದ ಮೀನಿನಲ್ಲಿ ಮೊದಲು 5ರಿಂದ 8 ಪ್ರತಿಶತ ಮಾರಾಟವಾಗದೆ ಹಾಳಾಗುತ್ತಿತ್ತು. ಅದು ಹೆಚ್ಚುಕಡಿಮೆ ಇಲ್ಲವಾಯಿತು. ಮೀನುಗಾರರ ಲಾಭ ಸರಾಸರಿ 8 ಪ್ರತಿಶತ ಏರಿತು, ಕೊಳ್ಳುವವರು ತೆರುವ ಬೆಲೆ ಸರಾಸರಿ 4 ಪ್ರತಿಶತ ಇಳಿಯಿತು. ಫೋನು ಕೊಳ್ಳದ ದೋಣಿಯವರಿಗೂ ಅಷ್ಟಿಲ್ಲದಿದ್ದರೂ ಲಾಭವಾಯಿತು, ಏಕೆಂದರೆ ಫೋನಿದ್ದವರು ತುಂಬಿದ ದಡವನ್ನು ಬಿಟ್ಟು ಬೇರೆಡೆ ಹೋದಾಗ ಉಳಿದವರ ಬೆಲೆ ಕುಸಿಯುವುದು ತಪ್ಪಿತು.

ಮಾರುವವರಿಗೆ ಲಾಭವಾದರೆ ಕೊಳ್ಳುವವರಿಗೆ ನಷ್ಟವಾಗಲೇಬೇಕೆಂದು ತಿಳಿದಿರುವ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ಅವರಿಗಾಗಿ ಇನ್ನೊಂದು ಕಲ್ಪಿತ ಲೆಕ್ಕ. ದೋಣಿಯೊಂದು 100 ಕಿಲೋ ಹಿಡಿದು, 6 ಕಿಲೋ ಚೆಲ್ಲಿ, 94 ಕಿಲೋವನ್ನು 6 ರೂಪಾಯಿಯಂತೆ ಮಾರಿದರೆ ಬರುವುದು 564 ರೂಪಾಯಿ. ಏನನ್ನೂ ಚೆಲ್ಲದೆ 100 ಕಿಲೋವನ್ನೂ ರೂ. 5.76ರಂತೆ, ಅಂದರೆ 4 ಪ್ರತಿಶತ ಕಡಿಮೆಗೆ ಮಾರಿದರೆ ಬರುವುದು 576. ಆದಾಯದ ಏರಿಕೆ ಕೇವಲ 2 ಪ್ರತಿಶತದಷ್ಟು. ಆದರೆ ಖರ್ಚು 414 ರೂಪಾಯಿ ಎಂದಿಟ್ಟುಕೊಂಡರೆ ಲಾಭವು 150ರಿಂದ 162ಕ್ಕೇರುತ್ತದೆ. ಅದು 8 ಪ್ರತಿಶತ. ಕರೆಯ ವೆಚ್ಚವನ್ನೂ ಹೆಚ್ಚಿನ ಇಂಧನವನ್ನೂ ಇಲ್ಲಿ ಬಿಟ್ಟಿದ್ದೇವೆ. ಮೊದಲು ಕಡಲಿಗೆ ಚೆಲ್ಲುತ್ತಿದ್ದ ಆರು ಕಿಲೋ ಈಗ ಯಾರದೋ ಮನೆಯ ಅಡುಗೆಗೆ ಸೇರಿತು. ಎರಡೂ ಕಡೆಯವರು ಹಂಚಿಕೊಂಡದ್ದು ಅದನ್ನೇ. ಆದಾಯದ ಶೇಕಡಾವಾರು ಏರಿಕೆಗೂ ಲಾಭದ ಶೇಕಡಾವಾರು ಏರಿಕೆಗೂ ಇರುವ ಈ ಅಂತರವನ್ನು ವಾಣಿಜ್ಯ ವಿಭಾಗದ ಶಿಕ್ಷಕರು ಬೇರೆಯಾಗಿಯೇ ಒಂದು ಅವಧಿಯಲ್ಲಿ ಬೋಧಿಸಬಹುದು.

ಸಂಶಯಕ್ಕೆ ಎಡೆಯಿರುವಲ್ಲಿ

ಪ್ರಸಿದ್ಧವಾದ ಅಧ್ಯಯನವೆಂದು ಅದನ್ನು ಗ್ರಂಥಪ್ರಮಾಣವಾಗಿ ಒಪ್ಪಿಸುವುದು ಈ ಪಾಠದ ಉದ್ದೇಶಕ್ಕೇ ವಿರುದ್ಧ. 300 ತಂಡಗಳನ್ನು 250 ವಾರಗಳಿಂದ ಗುಣಿಸಿದರೆ 75,000 ದಾಖಲೆಗಳಷ್ಟಾಗುತ್ತದೆ. ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೆ ಫೋನು ಬಂದದ್ದು ಕೇವಲ ಮೂರು ಬಾರಿ, ಮೂರು ಪ್ರದೇಶಗಳಿಗೆ. ಒಂದೇ ದಡದ ಇಪ್ಪತ್ತು ದೋಣಿಗಳು ಒಂದೇ ಬೆಳಗ್ಗೆ ಹೇಳುವುದು ಇಪ್ಪತ್ತು ಸ್ವತಂತ್ರ ಸಾಕ್ಷಿಗಳ ಮಾತಲ್ಲ. ನಾಲ್ವತ್ತು ಮಕ್ಕಳಿರುವ ಒಂದು ತರಗತಿಗೆ ಹೊಸ ಬೋಧನಾ ವಿಧಾನವನ್ನು ಬಳಸಿ, ಇನ್ನೊಂದಕ್ಕೆ ಬಳಸದೆ, ಎಂಬತ್ತು ಮಕ್ಕಳ ಮೇಲೆ ಪ್ರಯೋಗ ಮಾಡಿದೆವೆಂದು ಹೇಳುವ ಶಿಕ್ಷಣ ಸಂಶೋಧನೆಗಳನ್ನು ನಾವು ಎಷ್ಟೋ ಓದಿದ್ದೇವೆ. ಅಲ್ಲಿ ನಿಜವಾಗಿ ಹೋಲಿಸಿದ್ದು ಎರಡು ತರಗತಿಗಳನ್ನು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಕಡಲಕರೆಗಳ ಕುರಿತಾದುದು. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಅವರು ಕೆಲವು ವರ್ಷಗಳ ಅನಂತರ ಕೇರಳದ ಮೀನುಗಾರರ ನಡುವೆ ಮತ್ತೆ ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. ಬೆಲೆಯನ್ನು ವಿಚಾರಿಸುವುದು ಫೋನಿನ ಅನೇಕ ಉಪಯೋಗಗಳಲ್ಲಿ ಒಂದು ಮಾತ್ರವೆಂದೂ, ಸಾಲ ಕೊಟ್ಟ ದಲ್ಲಾಳಿಗೇ ಮೀನನ್ನು ಒಪ್ಪಿಸಬೇಕಾದ ಕಟ್ಟುಪಾಡಿರುವಲ್ಲಿ ಬೇರೆ ದಡದ ಬೆಲೆ ತಿಳಿದರೂ ಅತ್ತ ಹೋಗುವ ಸ್ವಾತಂತ್ರ್ಯ ಇರುವುದಿಲ್ಲವೆಂದೂ ಅವರು ತೋರಿಸಿದರು. ಸುದ್ದಿ ತಿಳಿದರೆ ಸಾಲದು, ಅದರಂತೆ ನಡೆಯಲು ಕೈ ಬಿಡುವಾಗಿರಬೇಕು. ಸಾಲದ ಹಂಗಿನಲ್ಲಿ ಬೆಳೆಯನ್ನು ಮಾರುವ ರೈತರ ಮಕ್ಕಳಿರುವ ಎಲ್ಲ ಗಡಿನಾಡಿನ ತರಗತಿಗಳಲ್ಲಿಯೂ ಈ ಮಾತು ಬೇಗ ಅರ್ಥವಾಗುತ್ತದೆ.

ಮಹಾರಾಷ್ಟ್ರದಿಂದಲೂ ಒಂದು ಸಾಕ್ಷ್ಯವಿದೆ. ಮಾರ್ಸೆಲ್ ಫಾಶಾಂ ಮತ್ತು ಬಾರ್ಟ್ ಮಿಂಟೆನ್ ಎಂಬ ಅರ್ಥಶಾಸ್ತ್ರಜ್ಞರು ಆ ರಾಜ್ಯದ 100 ಹಳ್ಳಿಗಳನ್ನು ಆರಿಸಿಕೊಂಡು, ಮೊಬೈಲಿಗೆ ಬೆಲೆ ಮತ್ತು ಹವಾಮಾನದ ಸಂದೇಶಗಳನ್ನು ಕಳುಹಿಸುವ ಸೇವೆಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಕೆಲವು ರೈತರಿಗೆ ಒದಗಿಸಿ, ಉಳಿದವರೊಡನೆ ಹೋಲಿಸಿದರು. 2012ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ರೈತರಿಗೆ ದೊರೆತ ಬೆಲೆಯಲ್ಲಿ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಾದ ಏರಿಕೆ ಕಾಣಲಿಲ್ಲ. ಟೊಮೆಟೊ, ದಾಳಿಂಬೆ, ಈರುಳ್ಳಿಗಳೂ ಆ ಅಧ್ಯಯನದಲ್ಲಿ ಸೇರಿದ್ದವು. ವಿಧಾನದ ದೃಷ್ಟಿಯಿಂದ ಇದು ಜೆನ್ಸೆನ್ ಅವರದಕ್ಕಿಂತ ಕಟ್ಟುನಿಟ್ಟಾದುದು, ಏಕೆಂದರೆ ಇಲ್ಲಿ ಯಾರಿಗೆ ಸೇವೆ ಸಿಗಬೇಕೆಂಬುದನ್ನು ಅದೃಷ್ಟವೇ ನಿರ್ಧರಿಸಿತು. ಹಾಗಾದರೆ ಎರಡರಲ್ಲಿ ಒಂದು ಸುಳ್ಳೇ? ಹಾಗೇನೂ ಇಲ್ಲ. ಕೆಲವೇ ಗಂಟೆಗಳಲ್ಲಿ ಕೆಡುವ ಮೀನು, ಎತ್ತ ಬೇಕಾದರೂ ತಿರುಗುವ ದೋಣಿ ಒಂದು ಕಡೆ. ಕೆಲವು ದಿನ ಕಾಯಬಲ್ಲ ಈರುಳ್ಳಿ, ಬಾಡಿಗೆಯ ವಾಹನ, ಹಿಂದಿನಿಂದ ಬಂದ ಮಂಡಿಯ ಸಂಬಂಧ ಇನ್ನೊಂದು ಕಡೆ. ಇದಲ್ಲದೆ ಆ ಹೊತ್ತಿಗೆ ಫೋನು ಊರೂರಿಗೂ ಬಂದಾಗಿತ್ತು. ಬೆಲೆಯನ್ನು ತಿಳಿಯುವ ಬೇರೆ ದಾರಿಗಳು ರೈತನಿಗೆ ಆಗಲೇ ಇದ್ದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಿಕ್ಷಕರು ಈ ಎರಡನೆಯ ಅಧ್ಯಯನದಿಂದಲೇ ಪಾಠವನ್ನು ಆರಂಭಿಸಿದರೂ ಆದೀತು.

ತರಗತಿಯಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಕೇರಳದಲ್ಲಿ ದಡಸೇರಿದ ಬೂತಾಯಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟಿತ್ತು. 2021ರಲ್ಲಿ ಅದು ಸುಮಾರು 3,300 ಟನ್ನಿಗೆ ಕುಸಿದಿತ್ತೆಂದು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂಕಿಗಳು ಹೇಳುತ್ತವೆ. ಫೋನು ಬಂದ ಮೇಲೆ ಲಾಭ ಹೆಚ್ಚಿತು, ಲಾಭ ಹೆಚ್ಚಿದ್ದರಿಂದ ದೋಣಿ ಹೆಚ್ಚಿದವು, ಮೀನು ಬರಿದಾಯಿತು ಎಂದು ಒಬ್ಬರು ವಾದಿಸಿದರೆ ಏನು ಹೇಳುವಿರಿ? ವಾದ ಕೇಳಲು ಸೊಗಸಾಗಿದೆ. ಆದರೆ ಅತಿಹೆಚ್ಚು ಮೀನು ಸಿಕ್ಕ 2012 ಬಂದದ್ದು ಫೋನು ಬಂದು ಹನ್ನೆರಡು ವರ್ಷಗಳಾದ ಮೇಲೆ. ಕಡಲ ನೀರಿನ ಉಷ್ಣತೆ, ಮಳೆಯ ಏರುಪೇರು, ಮರಿಮೀನುಗಳನ್ನು ಹಿಡಿಯುವುದು ಮುಂತಾದ ಬೇರೆ ಕಾರಣಗಳಿವೆ. ಈ ಬಾರಿ ಹೋಲಿಕೆಗೆ ಫೋನಿಲ್ಲದ ಕಡಲಕರೆಯೇ ಉಳಿದಿಲ್ಲ. ಯಾವ ಅಂಕಿಗಳು ದೊರೆತರೆ ಈ ವಾದವನ್ನು ಪರೀಕ್ಷಿಸಬಹುದಿತ್ತೆಂದು ಬರೆದು ತರಲು ವಿದ್ಯಾರ್ಥಿಗಳಿಗೆ ಹೇಳಬಹುದು.

ಮಾಡಿ ನೋಡುವ ಕೆಲಸ

ಸಾಧ್ಯವಿದ್ದ ಶಾಲೆಗಳಲ್ಲಿ ಒಂದು ಅವಧಿಯ ಕಾಲ ಬೆಲೆಗಳನ್ನು ಸಂಗ್ರಹಿಸುವ ಕೆಲಸವನ್ನು ಕೈಗೊಳ್ಳಬೇಕು. ಮಕ್ಕಳು ಬೇರೆ ಬೇರೆ ಊರುಗಳಿಂದ ಬರುವುದೇ ಇದಕ್ಕೆ ಬಂಡವಾಳ. ಐದಾರು ಊರುಗಳ ಅಂಗಡಿಗಳಲ್ಲಿ ಒಂದೇ ಸರಕಿನ ಬೆಲೆಯನ್ನು ವಾರಕ್ಕೊಮ್ಮೆ, ಒಂದೇ ವಾರದಂದು, ಒಂದೇ ಹೊತ್ತಿನಲ್ಲಿ ಬರೆದು ತರಲಿ. ಹೊಸೂರು ಮತ್ತು ತಾಳವಾಡಿಯಲ್ಲಿ ಟೊಮೆಟೊ, ಸೊಲ್ಲಾಪುರದಲ್ಲಿ ಈರುಳ್ಳಿ, ಕಾಸರಗೋಡಿನ ಒಳಭಾಗಗಳಲ್ಲಿ ಸುಲಿದ ಅಡಿಕೆ, ಕಡಲಕರೆಯಲ್ಲಿ ಮೀನು. ಆದವಾನಿಯಲ್ಲಿ ಹತ್ತಿಯನ್ನು ಆರಿಸಿಕೊಳ್ಳುವುದಾದರೆ ಅಂಗಡಿಗಳ ಬದಲು ಸುತ್ತಲಿನ ಹಳ್ಳಿಗಳಲ್ಲಿ ರೈತರಿಗೆ ದೊರೆತ ದರವನ್ನು ವಿಚಾರಿಸಬೇಕಾಗುತ್ತದೆ.

ಕೆಲಸ ಆರಂಭಿಸಿದ ಎರಡನೆಯ ವಾರಕ್ಕೇ ತೊಡಕುಗಳು ಬರುತ್ತವೆ, ಬರಬೇಕು. ಒಬ್ಬಳು ಬರೆದುತಂದದ್ದು ಅಂಗಡಿಯವನು ಮೊದಲು ಹೇಳಿದ ಬೆಲೆ, ಇನ್ನೊಬ್ಬ ಬರೆದುತಂದದ್ದು ಚೌಕಾಸಿಯಾದ ಮೇಲಿನ ಬೆಲೆ. ಒಂದೂರಿನಲ್ಲಿ ನಾಟಿ ಟೊಮೆಟೊ, ಇನ್ನೊಂದರಲ್ಲಿ ಹೈಬ್ರಿಡ್. ಒಂದು ವಾರ ಹಬ್ಬ, ಒಂದು ವಾರ ಮುಷ್ಕರ. ಒಬ್ಬ ಮರೆತು, ಹಿಂದಿನ ವಾರದ ಅಂಕಿಯನ್ನೇ ಮತ್ತೆ ಬರೆದಿರುತ್ತಾನೆ. ಇದನ್ನು ಪತ್ತೆಹಚ್ಚುವುದು ಹೇಗೆಂದು ತರಗತಿಯೇ ಚರ್ಚಿಸಲಿ, ಆದರೆ ಬರೆದವನನ್ನು ಗದರಿಸುವುದು ಬೇಡ. ಗದರಿದರೆ ಮುಂದಿನ ವಾರದಿಂದ ಎಲ್ಲ ಅಂಕಿಗಳೂ ನೋಡಲು ಅಚ್ಚುಕಟ್ಟಾಗಿರುತ್ತವೆ, ನಂಬಲು ಯೋಗ್ಯವಾಗಿರುವುದಿಲ್ಲ. ಸಿಗದ ಬೆಲೆಯ ಸ್ಥಳವನ್ನು ಖಾಲಿ ಬಿಡಬೇಕೇ ಹೊರತು ಸೊನ್ನೆ ಹಾಕಬಾರದೆಂಬುದನ್ನು ಮೊದಲ ದಿನವೇ ಹೇಳಬೇಕು. ಮೇಲಿನ ಲೆಕ್ಕದ ನಾಲ್ಕನೆಯ ದಡದ ಸೊನ್ನೆ ನಿಜವಾದ ಸೊನ್ನೆ; ಕೇಳಲು ಮರೆತವನ ಸೊನ್ನೆ ಬೇರೆ.

ಹತ್ತು ಹನ್ನೆರಡು ವಾರಗಳಾದ ಮೇಲೆ ಪ್ರತಿ ವಾರದ ವಿಚಲನ ಗುಣಾಂಕವನ್ನು ಕಂಡುಹಿಡಿದು ನಕ್ಷೆಯಲ್ಲಿ ಗುರುತಿಸಲಿ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಮಂಡಿಗಳ ದೈನಂದಿನ ಬೆಲೆಗಳು ದೊರೆಯುತ್ತವೆ. ತಮ್ಮ ಅಂಕಿಗಳನ್ನು ಅವುಗಳೊಡನೆ ಹೋಲಿಸಬಹುದು. ಆದರೆ ಅಲ್ಲಿಯದು ಸಗಟು ಬೆಲೆ, ಕ್ವಿಂಟಲಿಗೆ. ಮಕ್ಕಳು ತಂದ ಅಂಗಡಿಯ ಬೆಲೆ ಕಿಲೋವಿಗೆ. ಮಾನವನ್ನು ಸರಿಹೊಂದಿಸಿದ ಮೇಲೂ ಉಳಿಯುವ ಅಂತರವು ಯಾರ ಕೈಗೆ, ಯಾವ ಖರ್ಚಿಗೆ ಸೇರಿತೆಂಬುದನ್ನು ವಿಚಾರಿಸಲು ಇನ್ನೊಂದು ಅವಧಿ ಬೇಕಾಗುತ್ತದೆ.